ಹಳೆಯ ಲ್ಯಾಬಿಗೆ ಒಂದೇ ಸರ್ವರ್ ಸಾಕೇ?

ಪ್ರಶ್ನೆ: ಯಲಹಂಕ ಉಪನಗರದ ಹತ್ತಿರದ ಒಂದು ಪ್ರೌಢಶಾಲೆಯ ಆಡಳಿತ ಮಂಡಳಿಯಲ್ಲಿದ್ದೇನೆ. ನಮ್ಮ ಲ್ಯಾಬಿನಲ್ಲಿ 24 ಕಂಪ್ಯೂಟರ್‌ಗಳಿವೆ, ಎಲ್ಲವೂ ಹಳೆಯವು. ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ, ವಿಂಡೋಸ್ 11 ಇವುಗಳಿಗೆ ಹಾಕಲು ಬರುವುದಿಲ್ಲ ಎಂದು ಸರ್ವಿಸ್‌ನವರು ಹೇಳಿಬಿಟ್ಟರು. 24 ಹೊಸ ಯಂತ್ರ ಕೊಳ್ಳುವ ಶಕ್ತಿ ನಮಗಿಲ್ಲ. ಪೋಷಕರೊಬ್ಬರು, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವವರು, ‘ಒಂದು ಒಳ್ಳೆಯ ಲಿನಕ್ಸ್ ಸರ್ವರ್ ಹಾಕಿ, ಉಳಿದವನ್ನೆಲ್ಲ ಥಿನ್ ಕ್ಲೈಂಟ್ ಮಾಡಿಬಿಡಿ’ ಎನ್ನುತ್ತಿದ್ದಾರೆ. ಹಾಗೆಂದರೇನು? ನಂಬಿ ಕೈ ಹಾಕಬಹುದೇ? ಕನ್ನಡ ಟೈಪಿಂಗ್‌ಗೆ, ಮಕ್ಕಳ ಮುಂದಿನ ಓದಿಗೆ ತೊಂದರೆ ಆಗುವುದಿಲ್ಲವೇ?

— ಓದುಗರು, ಯಲಹಂಕ

ಉತ್ತರ: ನಂಬಿ ಕೈ ಹಾಕಬಹುದು. ಜಗತ್ತಿನ ಎಷ್ಟೋ ಶಾಲೆಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೇ ಲ್ಯಾಬ್ ನಡೆಸುತ್ತಿವೆ. ಆದರೆ ಆ ಪೋಷಕರು ಹೇಳಿದ್ದರಲ್ಲಿ ಒಂದು ತಿದ್ದುಪಡಿ ಮಾಡಿಕೊಳ್ಳಬೇಕು, ಮತ್ತು ಸರ್ವರ್ ಕೊಳ್ಳುವ ಮೊದಲೇ ಇನ್ನೊಂದು ಏರ್ಪಾಡು ಆಗಬೇಕು. ತಿದ್ದುಪಡಿ ತಾಂತ್ರಿಕವಾದದ್ದು, ಸುಲಭ. ಏರ್ಪಾಡು ಮನುಷ್ಯರಿಗೆ ಸಂಬಂಧಿಸಿದ್ದು. ಲ್ಯಾಬ್ ಉಳಿಯುವುದೂ ಮುಳುಗುವುದೂ ಅದರ ಮೇಲೆ.

ಮೊದಲು ನಿಮ್ಮ ಸರ್ವಿಸ್‌ನವರು ಹೇಳಿದ ವಿಷಯ. ಅದು ನಿಜ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. 2017ಕ್ಕೆ ಮುಂಚಿನ ಯಂತ್ರಗಳು ಈ ಗೆರೆಯ ಆಚೆಗೇ ಉಳಿಯುತ್ತವೆ. ಹಾಗೆಂದು ಅವು ಕೆಟ್ಟಿಲ್ಲ. ಕೀಬೋರ್ಡು, ಮಾನಿಟರು, ಪ್ರೊಸೆಸರು ಎಲ್ಲ ಸರಿಯಾಗಿವೆ. ಒಂದು ಕಂಪನಿಯ ಹೊಸ ತಂತ್ರಾಂಶ ಅವನ್ನು ಒಲ್ಲೆ ಎಂದಿದೆ, ಅಷ್ಟೆ. ಅಷ್ಟಕ್ಕೇ 24 ಯಂತ್ರಗಳನ್ನು ಗುಜರಿಗೆ ಹಾಕುವುದು ದುಡ್ಡಿನ ದೃಷ್ಟಿಯಿಂದಲೂ ತಪ್ಪು, ಪರಿಸರದ ದೃಷ್ಟಿಯಿಂದಲೂ ತಪ್ಪು.

ಥಿನ್ ಕ್ಲೈಂಟ್ ಎಂದರೆ

ಸಾಮಾನ್ಯ ಲ್ಯಾಬಿನಲ್ಲಿ ಪ್ರತಿ ಯಂತ್ರಕ್ಕೂ ಅದರದೇ ಹಾರ್ಡ್ ಡಿಸ್ಕ್, ಅದರದೇ ಆಪರೇಟಿಂಗ್ ಸಿಸ್ಟಂ. 24 ಯಂತ್ರ ಎಂದರೆ 24 ಸಲ ಇನ್‌ಸ್ಟಾಲ್, 24 ಸಲ ಅಪ್‌ಡೇಟ್, 24 ಕಡೆ ವೈರಸ್ ಚಿಂತೆ. ಥಿನ್ ಕ್ಲೈಂಟ್ ಪದ್ಧತಿಯಲ್ಲಿ ಆಪರೇಟಿಂಗ್ ಸಿಸ್ಟಂ, ತಂತ್ರಾಂಶ, ಮಕ್ಕಳ ಫೈಲುಗಳು ಎಲ್ಲವೂ ಸರ್ವರಿನಲ್ಲಿರುತ್ತವೆ. ಮಗುವಿನ ಮುಂದಿರುವ ಯಂತ್ರ ಕೀಲಿ ಒತ್ತಿದ್ದನ್ನು, ಮೌಸ್ ಆಡಿಸಿದ್ದನ್ನು ಸರ್ವರಿಗೆ ತಿಳಿಸುತ್ತದೆ. ಅಲ್ಲಿಂದ ಬಂದ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತದೆ.

ಇದನ್ನು ಲಿನಕ್ಸ್‌ನಲ್ಲಿ ಸುಲಭ ಮಾಡಿದ್ದು ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಚಿಕ್ಕದಾಗಿ ಎಲ್‌ಟಿಎಸ್‌ಪಿ. ಅಮೆರಿಕದ ಜಿಮ್ ಮೆಕ್‌ಕ್ವಿಲ್ಲನ್ ಅದನ್ನು 1999ರಲ್ಲಿ ಆರಂಭಿಸಿದರು. ಆಗ 64 ಎಂಬಿ ಮೆಮೊರಿ ಇದ್ದ ಹಳೆಯ ಪೆಂಟಿಯಂ ಯಂತ್ರವೂ ಕ್ಲೈಂಟ್ ಆಗಿ ಚೆನ್ನಾಗಿ ಓಡುತ್ತಿತ್ತು. ಅಮೆರಿಕದ ಆರೆಗಾನ್ ರಾಜ್ಯದ ಶಾಲಾ ತಂತ್ರಜ್ಞರು ಅದರ ಮೇಲೆಯೇ ಕೆ12ಎಲ್‌ಟಿಎಸ್‌ಪಿ ಎಂಬ ಶಾಲಾ ಆವೃತ್ತಿ ಕಟ್ಟಿದರು. ನಾರ್ವೆಯಲ್ಲಿ 2001ರಲ್ಲಿ ಸ್ಕೋಲೆಲಿನಕ್ಸ್ ಹುಟ್ಟಿತು. ಅದೇ ಮುಂದೆ ಡೆಬಿಯನ್ ಎಜು ಜೊತೆ ಸೇರಿತು. 2005ರಲ್ಲಿ ಎಜುಬುಂಟು ಬಂತು. ಇವೆಲ್ಲವೂ ಪುಕ್ಕಟೆ, ಬೇಕಾದವರು ಬೇಕಾದಷ್ಟು ಯಂತ್ರಕ್ಕೆ ಹಾಕಿಕೊಳ್ಳಬಹುದು.

ನಿಮ್ಮ ಭಾಗಕ್ಕೂ ಲಿನಕ್ಸ್ ಹೊರಗಿನದಲ್ಲ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಓಡುತ್ತಿದ್ದುದು ಲಿನಕ್ಸ್ ಮೇಲೆಯೇ. 2004ರಲ್ಲಿ ಅದರ ಅಮಿಡಾ ಮಾದರಿಯನ್ನು ತಯಾರಿಸಿ ಹೊರತಂದದ್ದು ಜಾಲಹಳ್ಳಿಯ ಬಿಇಎಲ್. ಸಾಮಾನ್ಯರಿಗೆ ಕೈಗೆಟುಕುವ ಕಂಪ್ಯೂಟರ್ ಮಾಡಬೇಕು, ಅದಕ್ಕೆ ಲೈಸೆನ್ಸ್ ಹೊರೆ ಇರಬಾರದು ಎಂಬ ಯೋಚನೆ ಇದೇ ಉತ್ತರ ಬೆಂಗಳೂರಿನಲ್ಲಿ ಆಗಲೇ ನಡೆದಿತ್ತು.

ಈಗ ಆ ತಿದ್ದುಪಡಿ

ಪೂರ್ತಿ ಥಿನ್ ಕ್ಲೈಂಟ್ ಮಾಡಬೇಡಿ. ಏಕೆಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ. 1024ಕ್ಕೆ 768 ಚುಕ್ಕಿಗಳ ಒಂದು ಪರದೆಯಲ್ಲಿ ಸುಮಾರು 7.86 ಲಕ್ಷ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್. ಅಂದರೆ ಒಂದು ಚಿತ್ರಕ್ಕೆ ಸುಮಾರು 2.36 ಮೆಗಾಬೈಟ್. ವಿಡಿಯೊದಲ್ಲಿ ಸೆಕೆಂಡಿಗೆ 25 ಚಿತ್ರ ಎಂದರೆ 59 ಮೆಗಾಬೈಟ್, ಬಿಟ್ ಲೆಕ್ಕದಲ್ಲಿ 472 ಮೆಗಾಬಿಟ್. ಸರ್ವರಿನಿಂದ ಹೊರಡುವ ಗಿಗಾಬಿಟ್ ಕೇಬಲ್ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುತ್ತದೆ. ಹಾಗಾದರೆ ಇಬ್ಬರು ಮಕ್ಕಳು ಪೂರ್ತಿ ಪರದೆಯಲ್ಲಿ ವಿಡಿಯೊ ಹಾಕಿಕೊಂಡರೆ ಕೇಬಲ್ ತುಂಬಿಹೋಯಿತು. ಉಳಿದ 22 ಮಕ್ಕಳ ಮೌಸ್ ಅಲ್ಲಾಡುವುದಿಲ್ಲ. ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನಗಳು ಈಗ ಇವೆ. ಆದರೆ 24 ಪರದೆಗಳನ್ನು ಒಟ್ಟಿಗೆ ಕುಗ್ಗಿಸುವ ಕೆಲಸವೂ ಸರ್ವರಿನ ತಲೆಯ ಮೇಲೆಯೇ ಬೀಳುತ್ತದೆ. ಜೊತೆಗೆ ಇವತ್ತಿನ ಬ್ರೌಸರ್ ಒಬ್ಬ ವಿದ್ಯಾರ್ಥಿಗೇ ಸುಲಭವಾಗಿ ಒಂದು ಜಿಬಿ ಮೆಮೊರಿ ತಿನ್ನುತ್ತದೆ. 24 ಮಕ್ಕಳಿಗೆ 32 ಜಿಬಿ ಮೆಮೊರಿಯ ದುಬಾರಿ ಸರ್ವರ್ ಬೇಕು, ಆದರೆ ನಿಮ್ಮ ಹಳೆಯ ಯಂತ್ರಗಳೊಳಗಿನ ಪ್ರೊಸೆಸರ್‌ಗಳು ಮಾತ್ರ ಕೆಲಸವಿಲ್ಲದೆ ಕೂತಿರುತ್ತವೆ.

ಅದಕ್ಕೇ ಈಗ ಬಳಕೆಯಲ್ಲಿರುವುದು ನಡುವಿನ ದಾರಿ. ಯಂತ್ರಕ್ಕೆ ಹಾರ್ಡ್ ಡಿಸ್ಕ್ ಇರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಕೇಬಲ್ ಮೂಲಕ ಸರ್ವರಿನಿಂದ ಬರುತ್ತದೆ. ಆದರೆ ಬಂದಮೇಲೆ ಓಡುವುದು ಆ ಯಂತ್ರದ ಸ್ವಂತ ಪ್ರೊಸೆಸರ್ ಮತ್ತು ಮೆಮೊರಿಯಲ್ಲಿ. ಇದನ್ನು ಡಿಸ್ಕ್‌ಲೆಸ್ ಕ್ಲೈಂಟ್ ಅಥವಾ ಫ್ಯಾಟ್ ಕ್ಲೈಂಟ್ ಎನ್ನುತ್ತಾರೆ. ಬಿಸಿಯೂಟದ ಲೆಕ್ಕದಲ್ಲಿ ಹೇಳುವುದಾದರೆ, ಥಿನ್ ಕ್ಲೈಂಟ್ ಎಂದರೆ ಒಂದೇ ಕೇಂದ್ರ ಅಡುಗೆಮನೆಯಿಂದ ಎಲ್ಲ ಶಾಲೆಗೂ ಅನ್ನ-ಸಾಂಬಾರು ಬಂದಂತೆ. ಡಿಸ್ಕ್‌ಲೆಸ್ ಎಂದರೆ ಒಂದೇ ಉಗ್ರಾಣದಿಂದ ಅಕ್ಕಿ-ಬೇಳೆ ಬಂದು ಆಯಾ ಶಾಲೆಯಲ್ಲೇ ಬೇಯಿಸಿಕೊಂಡಂತೆ. ಉಗ್ರಾಣ ಒಂದೇ ಆದ್ದರಿಂದ ನೋಡಿಕೊಳ್ಳುವುದು ಸುಲಭ, ಒಲೆ ಬೇರೆಬೇರೆ ಆದ್ದರಿಂದ ಒಬ್ಬರ ಅವಸರ ಇನ್ನೊಬ್ಬರಿಗೆ ತಟ್ಟುವುದಿಲ್ಲ. ಮೇಲೆ ಹೇಳಿದ ವಿಡಿಯೊವೇ ಕುಗ್ಗಿಸಿದ ರೂಪದಲ್ಲಿ ಎರಡು-ಮೂರು ಮೆಗಾಬಿಟ್‌ನಲ್ಲಿ ಯಂತ್ರಕ್ಕೆ ಬಂದು, ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ.

2019ರಲ್ಲಿ ಗ್ರೀಸ್‌ನ ಅಲ್ಕಿಸ್ ಜಾರ್ಜೋಪೌಲೋಸ್ ಎಲ್‌ಟಿಎಸ್‌ಪಿಯನ್ನು ಬುಡದಿಂದ ಮತ್ತೆ ಬರೆದದ್ದು ಈ ಕ್ರಮವನ್ನೇ ಮುಖ್ಯವಾಗಿಟ್ಟುಕೊಂಡು. ಅವರು ಅಲ್ಲಿನ ಶಾಲೆಗಳಿಗೆ ತಾಂತ್ರಿಕ ನೆರವು ಕೊಡುತ್ತಿದ್ದವರು. ಹಾಗಾಗಿ ಶಾಲೆಯ ಕಷ್ಟ ಏನೆಂದು ತಿಳಿದು ಬರೆದ ತಂತ್ರಾಂಶ ಅದು. ನಿಮ್ಮ ಯಂತ್ರಗಳಲ್ಲಿ ತಲಾ 4 ಜಿಬಿ ಮೆಮೊರಿ ಇದ್ದರೆ ನಿಶ್ಚಿಂತೆ. 2 ಜಿಬಿ ಇದ್ದರೆ ಹಗುರವಾದ ಡೆಸ್ಕ್‌ಟಾಪ್, ಉದಾಹರಣೆಗೆ ಉಬುಂಟು ಮಾಟೆ ಅಥವಾ ಎಕ್ಸ್‌ಎಫ್‌ಸಿಇ, ಹಾಕಿ ನಡೆಸಬಹುದು. ಅದಕ್ಕಿಂತ ಕಡಿಮೆ ಇದ್ದರೆ ಹಳೆಯ ಮೆಮೊರಿ ಪಟ್ಟಿಗಳನ್ನು ಎಸ್‌.ಪಿ. ರಸ್ತೆಯಲ್ಲಿ ಹುಡುಕಿ ಕೊಳ್ಳಿ. ಇಡೀ ಯೋಜನೆಯಲ್ಲಿ ಇದಕ್ಕಿಂತ ಫಲ ಕೊಡುವ ಖರ್ಚು ಇನ್ನೊಂದಿಲ್ಲ.

ಸ್ವಿಚ್ ಒತ್ತಿದಾಗ ನಡೆಯುವುದು

ಮಗು ಯಂತ್ರದ ಬಟನ್ ಒತ್ತುತ್ತದೆ. ಒಳಗೆ ಡಿಸ್ಕ್ ಇಲ್ಲ. ಮದರ್‌ಬೋರ್ಡಿನಲ್ಲಿರುವ ನೆಟ್‌ವರ್ಕ್ ಕಾರ್ಡು ಎಚ್ಚೆತ್ತು, ‘ನನಗೊಂದು ವಿಳಾಸ ಕೊಡಿ’ ಎಂದು ಕೇಬಲ್ ಮೇಲೆ ಕೂಗು ಹಾಕುತ್ತದೆ. ಈ ವಿಧಾನದ ಹೆಸರು ಪಿಎಕ್ಸ್‌ಇ. ನಿಮ್ಮಲ್ಲಿರುವಂಥ ಹೆಚ್ಚುಕಡಿಮೆ ಎಲ್ಲ ಆಫೀಸ್ ಕಂಪ್ಯೂಟರ್‌ಗಳಲ್ಲೂ ಇದೆ. ಸರ್ವರ್ ಅದಕ್ಕೆ ಒಂದು ಐಪಿ ವಿಳಾಸ ಕೊಟ್ಟು, ಬೂಟ್ ಆಗಲು ಬೇಕಾದ ಚಿಕ್ಕ ಫೈಲನ್ನು ಕಳಿಸುತ್ತದೆ. ಆ ಫೈಲು ಲಿನಕ್ಸ್ ಕರ್ನೆಲನ್ನು ತರಿಸಿಕೊಳ್ಳುತ್ತದೆ. ಕರ್ನೆಲ್ ಎದ್ದಮೇಲೆ ಸರ್ವರಿನಲ್ಲಿರುವ ಒಂದೇ ಒಂದು ದೊಡ್ಡ ಇಮೇಜ್ ಫೈಲನ್ನು ತನ್ನ ಡಿಸ್ಕ್ ಎಂಬಂತೆ ತೆರೆಯುತ್ತದೆ. ಇಡೀ ಇಮೇಜ್ ಕೇಬಲ್ ಮೇಲೆ ಬರುವುದಿಲ್ಲ, ಬೇಕಾದ ಭಾಗ ಮಾತ್ರ ಬರುತ್ತದೆ. ಸ್ವಲ್ಪ ಹೊತ್ತಿಗೆ ಲಾಗಿನ್ ಪರದೆ. ಮಗು ತನ್ನ ಹೆಸರು, ಪಾಸ್‌ವರ್ಡ್ ಹಾಕಿದರೆ ಸರ್ವರಿನಲ್ಲಿರುವ ಅದರ ಫೋಲ್ಡರ್ ತೆರೆದುಕೊಳ್ಳುತ್ತದೆ. ನಾಳೆ ಬೇರೆ ಯಂತ್ರದ ಮುಂದೆ ಕೂತರೂ ಅದೇ ಫೈಲು, ಅದೇ ಅರ್ಧ ಬರೆದ ಪ್ರಬಂಧ ಸಿಗುತ್ತದೆ.

ಇಮೇಜ್ ಓದಲು ಮಾತ್ರ. ಅದರ ಮೇಲೆ ಯಾರೂ ಬರೆಯಲಾರರು. ಮಗು ಏನನ್ನಾದರೂ ಕೆಡಿಸಿದರೆ ಆ ಬದಲಾವಣೆ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಯಂತ್ರ ಆರಿಸಿ ಹಚ್ಚಿದರೆ ಎಲ್ಲ ಮೊದಲಿನಂತೆ. ಲ್ಯಾಬ್ ನಡೆಸುವ ಟೀಚರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದು, ಪ್ರತಿ ಸೋಮವಾರ ನಾಲ್ಕೈದು ಯಂತ್ರ ಫಾರ್ಮ್ಯಾಟ್ ಮಾಡಿ ದಣಿದವರಿಗೇ ಗೊತ್ತು. ಮಕ್ಕಳು ಹೆದರದೆ ಕೈಯಾಡಿಸಬಹುದು. ಕಲಿಕೆಗೆ ಇದು ದುಡ್ಡಿನ ಉಳಿತಾಯಕ್ಕಿಂತ ದೊಡ್ಡ ಲಾಭ ಎಂದು ನನ್ನ ದೃಢ ಅಭಿಪ್ರಾಯ.

ಹೊಸ ತಂತ್ರಾಂಶ ಬೇಕಾದಾಗ ಅದನ್ನು ಸರ್ವರಿನಲ್ಲಿ ಒಮ್ಮೆ ಹಾಕಿ, ಇಮೇಜನ್ನು ಮತ್ತೆ ಕಟ್ಟುವ ಒಂದು ಆಜ್ಞೆ ಕೊಟ್ಟರೆ ಸಾಕು. ಮುಂದಿನ ಸಲ ಹಚ್ಚಿದಾಗ 24ರಲ್ಲೂ ಅದು ಇರುತ್ತದೆ. ಜೊತೆಗೆ ಎಪೊಪ್ಟೆಸ್ ಎಂಬ ತಂತ್ರಾಂಶ ಹಾಕಿಕೊಂಡರೆ ಟೀಚರು ತಮ್ಮ ಪರದೆಯಲ್ಲೇ ಎಲ್ಲ ಮಕ್ಕಳ ಪರದೆ ನೋಡಬಹುದು, ತಮ್ಮ ಪರದೆಯನ್ನು ಎಲ್ಲರಿಗೂ ತೋರಿಸಬಹುದು, ಪಾಠ ಹೇಳುವಾಗ ಎಲ್ಲ ಯಂತ್ರಗಳನ್ನು ಬೀಗ ಹಾಕಿದಂತೆ ನಿಲ್ಲಿಸಬಹುದು.

ಏನೇನು ಬೇಕು

ಸರ್ವರ್ ಎಂದಕೂಡಲೇ ಎತ್ತರದ ಕಪ್ಪು ರ‍್ಯಾಕ್ ಕಣ್ಣಿಗೆ ಬರಬೇಕಿಲ್ಲ. 24 ಡಿಸ್ಕ್‌ಲೆಸ್ ಕ್ಲೈಂಟ್‌ಗೆ ಒಳ್ಳೆಯ ಡೆಸ್ಕ್‌ಟಾಪ್ ಸಾಕು: 16 ಜಿಬಿ ಮೆಮೊರಿ, ಸಿಸ್ಟಂಗೆ ಒಂದು ಎಸ್‌ಎಸ್‌ಡಿ, ಮಕ್ಕಳ ಫೈಲುಗಳಿಗೆ ಒಂದರ ಪ್ರತಿ ಇನ್ನೊಂದರಲ್ಲಿ ಇರುವಂತೆ ಜೋಡಿಸಿದ ಎರಡು ಡಿಸ್ಕ್, ಮತ್ತು ಎರಡು ನೆಟ್‌ವರ್ಕ್ ಕಾರ್ಡ್. ಒಂದು ಕಾರ್ಡ್ ಇಂಟರ್ನೆಟ್ ರೌಟರಿಗೆ, ಇನ್ನೊಂದು ಲ್ಯಾಬಿನ ಸ್ವಿಚ್ಚಿಗೆ. ಸ್ವಿಚ್ ಗಿಗಾಬಿಟ್‌ನದ್ದೇ ಇರಲಿ. 24 ಕ್ಲೈಂಟ್ ಜೊತೆಗೆ ಸರ್ವರಿಗೂ ಜಾಗ ಬೇಕಾದ್ದರಿಂದ 24 ಪೋರ್ಟಿನದು ಸಾಲದು, ಅದನ್ನು ಮರೆಯಬೇಡಿ. ಕ್ಯಾಟ್-6 ಕೇಬಲ್ ಎಳೆಸಿ. ವೈಫೈ ಮೇಲೆ ಈ ಕೆಲಸ ಆಗುವುದಿಲ್ಲ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ. ಸರ್ವರ್ ಮತ್ತು ವೈಫೈ ರೌಟರ್ ಎರಡೂ ವಿಳಾಸ ಹಂಚುವ ಕೆಲಸ ಮಾಡುತ್ತವೆ. ಯಾರೋ ಅವಸರದಲ್ಲಿ ಆಫೀಸಿನ ರೌಟರಿನ ಕೇಬಲನ್ನು ಲ್ಯಾಬಿನ ಸ್ವಿಚ್ಚಿಗೆ ಚುಚ್ಚಿದರೆ, ಕೆಲವು ಯಂತ್ರಗಳಿಗೆ ರೌಟರಿನ ಉತ್ತರ ಮೊದಲು ಸಿಕ್ಕಿ ಅವು ಬೂಟ್ ಆಗುವುದೇ ಇಲ್ಲ. ಒಂದು ದಿನ ಐದು ಯಂತ್ರ, ಇನ್ನೊಂದು ದಿನ ಬೇರೆ ಎಂಟು ಯಂತ್ರ ಏಳುವುದಿಲ್ಲ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ. ಎರಡು ಜಾಲಗಳನ್ನು ಬೇರೆಯಾಗಿಡಿ, ಸ್ವಿಚ್ಚಿನ ಮೇಲೆ ‘ಲ್ಯಾಬ್ ಮಾತ್ರ’ ಎಂದು ಚೀಟಿ ಅಂಟಿಸಿ.

ಕರೆಂಟಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಥಿನ್ ಕ್ಲೈಂಟ್ ಹಾಕಿದರೆ ಬಿಲ್ ಇಳಿಯುತ್ತದೆ ಎನ್ನುತ್ತಾರೆ. ಅದು ನಿಜವಾಗುವುದು ಅದಕ್ಕೆಂದೇ ಮಾಡಿದ ಪುಟ್ಟ ಪೆಟ್ಟಿಗೆಗಳನ್ನು ಕೊಂಡಾಗ. ಅವು 10-15 ವ್ಯಾಟ್‌ನಲ್ಲಿ ಓಡುತ್ತವೆ. ಹಳೆಯ ಟವರ್ ಯಂತ್ರದ ಡಿಸ್ಕ್ ತೆಗೆದ ಮಾತ್ರಕ್ಕೆ ಏಳೆಂಟು ವ್ಯಾಟ್ ಉಳಿದೀತು, ಅಷ್ಟೆ. ಆದ್ದರಿಂದ ಕ್ರಮ ಹೀಗಿರಲಿ: ಈಗ ಇರುವ ಯಂತ್ರಗಳಲ್ಲೇ ಶುರುಮಾಡಿ, ಒಂದೊಂದು ಕೆಟ್ಟಾಗಲೂ ಅದರ ಜಾಗಕ್ಕೆ ಮಿನಿ ಪಿಸಿ ತನ್ನಿ. ಯುಪಿಎಸ್ ಮಾತ್ರ ಮೊದಲ ದಿನದಿಂದಲೇ ಬೇಕು, ಅದೂ ಸರ್ವರ್ ಮತ್ತು ಸ್ವಿಚ್ ಎರಡಕ್ಕೂ. ಬೆಸ್ಕಾಂ ಲೈನ್ ಹೋದಾಗ ಕ್ಲೈಂಟ್ ಆರಿದರೆ ಒಬ್ಬ ಹುಡುಗನ ಉಳಿಸದ ಕೆಲಸ ಹೋದೀತು; ಸರ್ವರ್ ಧಡಕ್ಕನೆ ಆರಿದರೆ ಇಡೀ ಲ್ಯಾಬಿಗೇ ಪೆಟ್ಟು.

ಇನ್ನು ಕ್ಲೈಂಟ್ ಯಂತ್ರಗಳ ವಿಷಯ. ಹೆಬ್ಬಾಳ, ನಾಗವಾರ ಸುತ್ತಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಯಂತ್ರಗಳನ್ನು ಬದಲಿಸುತ್ತವೆ. ದಾನ ಕೊಡಲು ಅವರಿಗಿರುವ ದೊಡ್ಡ ಹಿಂಜರಿಕೆ ಹಾರ್ಡ್ ಡಿಸ್ಕಿನಲ್ಲಿರುವ ಕಂಪನಿಯ ಮಾಹಿತಿ. ನಿಮಗೆ ಡಿಸ್ಕೇ ಬೇಡ. ‘ಡಿಸ್ಕ್ ತೆಗೆದುಕೊಂಡು ಕೊಡಿ’ ಎಂದು ಕೇಳುವ ಶಾಲೆಗೆ ಇಲ್ಲ ಎನ್ನುವುದು ಕಷ್ಟ. ಆ ಪೋಷಕರು ಮಾನ್ಯತಾದಲ್ಲೇ ಇದ್ದಾರಲ್ಲ, ಈ ಮಾತನ್ನು ಅವರ ಕಿವಿಗೆ ಹಾಕಿ. ಬಳಸಿ ಮುಗಿದ ಯಂತ್ರಗಳನ್ನು ಮಾತ್ರ ಬೀದಿಯ ಗುಜರಿಗೆ ಕೊಡದೆ ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ ಕಳಿಸಿ. ತುಮಕೂರು ರಸ್ತೆಯ ದಾಬಸ್‌ಪೇಟೆಯ ಇ-ಪರಿಸರ ಅಂಥ ಘಟಕಗಳಲ್ಲಿ ದೇಶದಲ್ಲೇ ಮೊದಲ ಸಾಲಿನದು.

ಕನ್ನಡ ಮತ್ತು ಪಾಠ

ಕನ್ನಡಕ್ಕೆ ತೊಂದರೆಯಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕೀಲಿಮಣೆ ವಿನ್ಯಾಸ ಲಿನಕ್ಸ್ ಒಳಗೇ ‘ಕಗಪ’ ಎಂಬ ಹೆಸರಿನಲ್ಲಿ ಇದೆ. ಸೆಟ್ಟಿಂಗ್‌ನಲ್ಲಿ ಕೀಬೋರ್ಡ್ ಪಟ್ಟಿಯಿಂದ ಆರಿಸಿದರೆ ಆಯಿತು; ಬೇರೇನೂ ಇಳಿಸಿಕೊಳ್ಳಬೇಕಾಗಿಲ್ಲ. ನುಡಿಯಲ್ಲಿ ಪಳಗಿದ ಕೈ ಇಲ್ಲಿಯೂ ಅದೇ ವೇಗದಲ್ಲಿ ಓಡುತ್ತದೆ: ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ಎಫ್. ಅಕ್ಷರಗಳಿಗೆ ನೋಟೊ, ಲೋಹಿತ್ ಜೊತೆಗೆ ಕನ್ನಡಿಗರೇ ಮಾಡಿದ ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್, ಉಬುಂಟು ಭಂಡಾರದಲ್ಲೇ ಸಿಗುತ್ತವೆ. ಒಂದು ಎಚ್ಚರಿಕೆ: ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟಿನಲ್ಲಿದ್ದರೆ ಅವು ಅರ್ಥವಾಗದ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಹಳೆಯ ಯಂತ್ರ ಕಳಚುವ ಮೊದಲೇ ಆ ಕೆಲಸ ಮುಗಿಸಿ.

ಪಾಠಕ್ಕೆ ಬೇಕಾದ್ದು ಧಾರಾಳವಾಗಿದೆ. ಗಣಿತಕ್ಕೆ ಜಿಯೋಜೀಬ್ರಾ, ಆಕಾಶ ನೋಡಲು ಸ್ಟೆಲ್ಲೇರಿಯಂ, ಚಿಕ್ಕವರಿಗೆ ಟಕ್ಸ್ ಪೇಂಟ್ ಮತ್ತು ಸ್ಕ್ರ್ಯಾಚ್, ದೊಡ್ಡವರಿಗೆ ಪೈಥಾನ್, ಬರವಣಿಗೆ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್. ಸರ್ವರ್ ಇದ್ದವರಿಗೆ ಇನ್ನೊಂದು ಸೌಲಭ್ಯವಿದೆ. ಕಿವಿಕ್ಸ್ ಮೂಲಕ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಸರ್ವರಿಗೆ ಇಳಿಸಿಕೊಳ್ಳಬಹುದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ವಿಜ್ಞಾನ ಪ್ರಯೋಗಗಳನ್ನೂ ಇಟ್ಟುಕೊಳ್ಳಬಹುದು, ಅವುಗಳಲ್ಲಿ ಅನೇಕವು ಕನ್ನಡದಲ್ಲೂ ಇವೆ. ಇಂಟರ್ನೆಟ್ ಕೈಕೊಟ್ಟ ದಿನವೂ ತರಗತಿ ನಿಲ್ಲುವುದಿಲ್ಲ. ಪಾಠದ ವಿಡಿಯೊಗಳನ್ನು ಒಮ್ಮೆ ಸರ್ವರಿಗೆ ತಂದಿಟ್ಟರೆ 24 ಮಕ್ಕಳು ಒಟ್ಟಿಗೆ ನೋಡಿದರೂ ಶಾಲೆಯ ಇಂಟರ್ನೆಟ್ ಮೇಲೆ ಹೊರೆ ಬೀಳುವುದಿಲ್ಲ.

‘ಹೊರಗೆ ಹೋದಾಗ ಎಲ್ಲ ಕಡೆ ವಿಂಡೋಸ್ ಅಲ್ಲವೇ’ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಅವರ ಜೇಬಿನ ಆಂಡ್ರಾಯ್ಡ್ ಫೋನಿನ ಕರ್ನೆಲ್ ಲಿನಕ್ಸ್. 2017ರ ನವೆಂಬರ್‌ನಿಂದ ಜಗತ್ತಿನ ಅಗ್ರ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸ್. ನಮ್ಮ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ಪರಮ್ ಪ್ರವೇಗ ಓಡುವುದೂ ಲಿನಕ್ಸ್ ಮೇಲೆಯೇ. ಒಂದು ಕಡೆ ಪತ್ರ ಬರೆಯಲು, ಪಟ್ಟಿ ಕಟ್ಟಲು, ಪ್ರೋಗ್ರಾಂ ಬರೆಯಲು ಕಲಿತ ಮಗು ಇನ್ನೊಂದು ಕಡೆ ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ. ಹಾಗಿದ್ದರೂ ಹಟ ಬೇಡ. ಆಫೀಸಿನ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ವಿಂಡೋಸನ್ನೇ ಬೇಡುವ ಯಾವುದಾದರೂ ಆನ್‌ಲೈನ್ ಪರೀಕ್ಷೆ ಇವುಗಳಿಗಾಗಿ ಒಂದೆರಡು ವಿಂಡೋಸ್ ಯಂತ್ರಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಕೊಳ್ಳುವ ಮೊದಲು ಆಗಬೇಕಾದ ಏರ್ಪಾಡು

ಸರ್ವರ್ ಪದ್ಧತಿಯ ಶಕ್ತಿಯೂ ದೌರ್ಬಲ್ಯವೂ ಒಂದೇ: ಎಲ್ಲವೂ ಒಂದೇ ಕಡೆ ಇದೆ. ಅದು ಸರಿಯಿದ್ದರೆ 24 ಯಂತ್ರ ಸರಿ, ಅದು ಮಲಗಿದರೆ 24ಕ್ಕೂ ರಜೆ. ಹಾಗಾಗಿ ನಿಜವಾದ ಪ್ರಶ್ನೆ, ಆ ಒಂದನ್ನು ನೋಡಿಕೊಳ್ಳುವವರು ಯಾರು ಎಂಬುದು.

ಇದಕ್ಕೆ ನಮ್ಮ ರಾಜ್ಯದ ಅನುಭವವೇ ಪಾಠ. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆ ತಂದಿತು. ಕಂಪ್ಯೂಟರ್ ಕೂರಿಸುವುದು, ಕಲಿಸುವುದು, ನೋಡಿಕೊಳ್ಳುವುದು ಎಲ್ಲವನ್ನೂ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಅದೇ ಹೊತ್ತಿಗೆ, 2001ರಲ್ಲಿ, ಕೇರಳ ಐಟಿ@ಸ್ಕೂಲ್ ಆರಂಭಿಸಿ, ಗುತ್ತಿಗೆ ಬಿಟ್ಟು ಶಾಲೆಯ ಶಿಕ್ಷಕರನ್ನೇ ತಯಾರು ಮಾಡುವ ದಾರಿ ಹಿಡಿಯಿತು. ಕ್ರಮೇಣ ಶಾಲೆಗಳನ್ನು ಲಿನಕ್ಸ್‌ಗೆ ತಂದಿತು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಈ ಎರಡೂ ದಾರಿಗಳನ್ನು ಹೋಲಿಸಿ ಅಧ್ಯಯನ ಮಾಡಿ, ಶಿಕ್ಷಕರನ್ನು ಒಳಗೊಂಡ ಕೇರಳದ ದಾರಿಯೇ ಬೇರೂರಿತು ಎಂದು ತೋರಿಸಿತು. ಮುಂದೆ ಅದೇ ಸಂಸ್ಥೆ ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ಜೊತೆ ವಿಷಯ ಶಿಕ್ಷಕರ ವೇದಿಕೆಯ ಕೆಲಸ ಮಾಡಿತು. ಅಲ್ಲಿ ನಮ್ಮ ಮೇಷ್ಟ್ರುಗಳು, ಮೇಡಂಗಳು ಉಬುಂಟು ಬಳಸಿ ಜಿಯೋಜೀಬ್ರಾದಲ್ಲಿ ಪಾಠ ತಯಾರಿಸಿದರು. ನಮ್ಮ ಶಿಕ್ಷಕರಿಗೆ ಆಗದು ಎಂಬ ಮಾತಿಗೆ ಅರ್ಥವಿಲ್ಲ.

ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳ ಪಠ್ಯಕ್ರಮದ ಐಟಿ ಪುಸ್ತಕವನ್ನು ಅಲ್ಲಿನ ಮಕ್ಕಳು ಕನ್ನಡದಲ್ಲೇ ಓದುತ್ತಾರೆ, ಲಿನಕ್ಸ್ ಯಂತ್ರದ ಮುಂದೆ ಕೂತು ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಅಲ್ಲಿ ಹೆಚ್ಚಿನ ಕಡೆ ಪ್ರತಿ ಯಂತ್ರಕ್ಕೂ ಡಿಸ್ಕ್ ಇದೆ, ಥಿನ್ ಕ್ಲೈಂಟ್ ಅಲ್ಲ. ಆದರೆ ನಾವು ಕಲಿಯಬೇಕಾದ್ದು ಅವರ ಪೆಟ್ಟಿಗೆಗಳಿಂದಲ್ಲ, ವ್ಯವಸ್ಥೆಯಿಂದ. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕ್ಲಬ್‌ಗಳಲ್ಲಿ ಮಕ್ಕಳೇ ಯಂತ್ರ, ಜಾಲ, ತಂತ್ರಾಂಶದ ಕೆಲಸ ಕಲಿಯುತ್ತಾರೆ. ಕನ್ನಡ ಮಕ್ಕಳು ಗಡಿಯ ಆಚೆ ಇದನ್ನು ಮಾಡಬಲ್ಲರಾದರೆ ಯಲಹಂಕದಲ್ಲೂ ಮಾಡಬಲ್ಲರು.

ಆದ್ದರಿಂದ ಮೊದಲು ಇಬ್ಬರು ಶಿಕ್ಷಕರನ್ನು ಆರಿಸಿ. ಒಬ್ಬರು ಸಾಲದು, ವರ್ಗಾವಣೆ, ರಜೆ, ಬೇರೆ ಕೆಲಸ ಎಲ್ಲ ಇದ್ದದ್ದೇ. ಕಂಪ್ಯೂಟರ್ ಟೀಚರೇ ಆಗಬೇಕೆಂದಿಲ್ಲ. ಆಸಕ್ತಿ ಇರುವ ಗಣಿತದ ಮೇಡಂ ಆದರೂ ಸರಿ. ಅವರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡಿ, ಹೆಚ್ಚುವರಿ ಹೊರೆಯಾಗಿ ಹೇರಬೇಡಿ. ಜೊತೆಗೆ ಎಂಟು-ಒಂಬತ್ತನೇ ತರಗತಿಯ ನಾಲ್ಕು ಮಕ್ಕಳು, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ. ಆ ಪೋಷಕರು ಇವರಿಗೆ ಕಲಿಸಲಿ. ತಾವೇ ಮಾಡಿಕೊಟ್ಟು ಹೋಗುವುದು ಬೇಡ. ಇವರು ಕಲಿಯಬೇಕಾದ್ದು ಬಹಳವಿಲ್ಲ: ಹೊಸ ವಿದ್ಯಾರ್ಥಿಯ ಖಾತೆ ತೆರೆಯುವುದು, ತಂತ್ರಾಂಶ ಹಾಕಿ ಇಮೇಜ್ ಕಟ್ಟುವುದು, ಒಂದು ಯಂತ್ರದಲ್ಲಿ ಪರೀಕ್ಷಿಸಿ ಆಮೇಲೆ ಎಲ್ಲಕ್ಕೂ ಬಿಡುವುದು, ವಾರಕ್ಕೊಮ್ಮೆ ಮಕ್ಕಳ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡುವುದು, ಬೂಟ್ ಆಗದಿದ್ದರೆ ಕೇಬಲ್‌ನಿಂದ ಶುರುಮಾಡಿ ಒಂದೊಂದೇ ಪರಿಶೀಲಿಸುವುದು. ಬ್ಯಾಕಪ್ ಡಿಸ್ಕ್ ಲ್ಯಾಬಿನಲ್ಲಿರಬಾರದು, ಎಚ್.ಎಂ. ಕೊಠಡಿಯ ಬೀರುವಿನಲ್ಲಿರಲಿ.

ಸರ್ವರಿನ ಪಾಸ್‌ವರ್ಡ್, ಜಾಲದ ನಕ್ಷೆ, ಮಾಡಿದ ಪ್ರತಿ ಬದಲಾವಣೆ ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಬರೆದಿಡಿ. ಹೊರಗಿನವರಿಗೆ ಎಎಂಸಿ ಕೊಟ್ಟರೂ ಈ ಪುಸ್ತಕ ಶಾಲೆಯದ್ದಾಗಿರಬೇಕು. ಹಳೆಯ ಯಂತ್ರಗಳಲ್ಲಿ ಗಟ್ಟಿಯಾದ ಒಂದನ್ನು ಬದಲಿ ಸರ್ವರ್ ಆಗಿ ಸಿದ್ಧವಿಟ್ಟುಕೊಳ್ಳಿ. ಸ್ವಲ್ಪ ನಿಧಾನವಾದರೂ ಲ್ಯಾಬ್ ನಡೆಯುತ್ತದೆ.

ಒಮ್ಮೆಲೇ 24ಕ್ಕೆ ಕೈ ಹಾಕಬೇಡಿ. ಒಂದು ಯಂತ್ರವನ್ನು ಸರ್ವರ್ ಮಾಡಿ, ನಾಲ್ಕನ್ನು ಕ್ಲೈಂಟ್ ಮಾಡಿ, ಒಂದು ತಿಂಗಳು ನಿಜವಾದ ತರಗತಿಯಲ್ಲಿ ಓಡಿಸಿ. ಇದಕ್ಕೆ ಒಂದು ಚಿಕ್ಕ ಗಿಗಾಬಿಟ್ ಸ್ವಿಚ್ ಮತ್ತು ಕೆಲವು ಕೇಬಲ್ ಬಿಟ್ಟರೆ ಹೊಸ ಖರ್ಚೇ ಇಲ್ಲ. ಆ ತಿಂಗಳಲ್ಲಿ ನಿಮ್ಮ ಇಬ್ಬರು ಶಿಕ್ಷಕರು ಹೊರಗಿನವರನ್ನು ಕರೆಯದೆ ಲ್ಯಾಬ್ ನಡೆಸಿದರೆ ಉಳಿದ ಯಂತ್ರಗಳನ್ನೂ ಸೇರಿಸಿ, ಒಳ್ಳೆಯ ಸರ್ವರ್ ಕೊಳ್ಳಿ. ನಡೆಸಲಾಗದಿದ್ದರೆ ಸರ್ವರ್ ಬೇಡ. 24ರಲ್ಲೂ ಬೇರೆಬೇರೆಯಾಗಿ ಲಿನಕ್ಸ್ ಹಾಕಿಸಿ, ಶಿಕ್ಷಕರು ಪಳಗಿದ ಮೇಲೆ ಮತ್ತೆ ಯೋಚಿಸಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕೊಟೇಶನ್‌ಗಳನ್ನು ತೆರೆಯುವ ಮೊದಲು ಆ ಇಬ್ಬರ ಹೆಸರನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.